ಹನ್ನೆರಡು ಬೀದಿಯ ಒಂದು ರಾತ್ರಿ

ವಯನಾಡಿನ ಸುಲ್ತಾನ್ ಬತ್ತೇರಿಗೆ ಹಿಂದೆ ಬೇರೆ ಎರಡು ಹೆಸರುಗಳಿದ್ದವು. ಅಲ್ಲಿಯ ಗಣಪತಿ ದೇವಸ್ಥಾನದಿಂದ ಬಂದ ‘ಗಣಪತಿವಟ್ಟಂ’ ಒಂದು. ಕನ್ನಡ ನಾಡಿನಿಂದ ಬಂದು ನೆಲೆಸಿದ ಜೈನರು ಇಟ್ಟುದೆನ್ನಲಾಗುವ ‘ಹನ್ನೆರಡು ಬೀದಿ’ ಮತ್ತೊಂದು. ಟಿಪ್ಪು ಸುಲ್ತಾನನ ಕಾಲದಲ್ಲಿ ಅವರ ಕಲ್ಲಿನ ಬಸದಿಯು ಮದ್ದುಗುಂಡಿನ ಉಗ್ರಾಣವಾಯಿತು. ಇಂಗ್ಲಿಷರು ಅದನ್ನು ಸುಲ್ತಾನನ ಬ್ಯಾಟರಿ ಎಂದರು. ಆ ಮಾತು ಊರವರ ನಾಲಗೆಯಲ್ಲಿ ಸವೆದು ಬತ್ತೇರಿಯಾಯಿತು. ಬೀದಿಗಳ ಹೆಸರು ಹೋಯಿತು, ತೋಪಿನ ಹೆಸರು ಉಳಿಯಿತು. ಊರುಗಳ ಹೆಸರಿನ ಮಟ್ಟಿಗೆ ಇದೇನೂ ಹೊಸ ಸಂಗತಿಯಲ್ಲ.

ಮಂಜೇಶ್ವರ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯೊಂದರ ಆರನೆಯ ತರಗತಿಯ ಹುಡುಗಿಯೊಬ್ಬಳ ಟಿಪ್ಪಣಿ ಪುಸ್ತಕದಲ್ಲಿ ಆ ಹೆಸರು ಇನ್ನೂ ಇತ್ತು. ಕ್ರಿಸ್‌ಮಸ್ ರಜೆಗೆ ಶಾಲೆಯಲ್ಲಿ ಕೊಟ್ಟಿದ್ದ ಕೆಲಸವೆಂದರೆ ಗಡಿಯಾಚೆಗಿರುವ ಕನ್ನಡದ ಊರುಹೆಸರುಗಳನ್ನು ಕೂಡಿಸುವುದು. ಆ ಒಂದು ಹೆಸರಿಗಾಗಿಯೇ ಒಂದು ಕುಟುಂಬದ ಪಯಣ ನೇರ ದಾರಿಯನ್ನು ಬಿಟ್ಟು ಬತ್ತೇರಿಯ ಕಡೆಗೆ ತಿರುಗಿತು.

ಪಯಣದ ಮೂಲ ಉದ್ದೇಶಗಳು ಎರಡು. ಅಜ್ಜಿಗೆ ತಿರುನೆಲ್ಲಿಯಲ್ಲಿ ಅಜ್ಜನ ಹೆಸರಿನಲ್ಲಿ ಪಿಂಡ ಬಿಡಿಸಬೇಕಾಗಿತ್ತು. ಅದಕ್ಕಿಂತಲೂ ತುರ್ತಿನದು ಮೈಸೂರಿನಲ್ಲಿತ್ತು. ಅಲ್ಲಿ ಮಗನ ಮನೆಯಲ್ಲಿರುವ ಅಜ್ಜಿಯ ಅಕ್ಕನಿಗೆ ಎಪ್ಪತ್ತೆಂಟರ ವಯಸ್ಸಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಬೆಳಗ್ಗೆ ಎಂಟು ಗಂಟೆಗೆ ಒಳಗೆ ಕರೆದೊಯ್ಯುವರು. ಅದಕ್ಕೆ ಮುಂಚೆ ಒಮ್ಮೆ ಮುಖ ನೋಡಬೇಕು ಎಂದು ಅಕ್ಕ ಫೋನಿನಲ್ಲಿ ಹೇಳಿದ್ದರು. ಅಕ್ಕತಂಗಿಯರು ಭೇಟಿಯಾಗಿ ಆರು ವರ್ಷಗಳಾಗಿದ್ದವು. ದೂರ ಹೆಚ್ಚಿರಲಿಲ್ಲ, ಮುನಿಸೂ ಇರಲಿಲ್ಲ. ಅಜ್ಜಿಗೆ ಗಂಟೆಗೊಮ್ಮೆ ಬಚ್ಚಲಿಗೆ ಹೋಗಬೇಕಾಗುತ್ತದೆ. ಮಂಡಿನೋವಿನಿಂದ ಕೆಳಗೆ ಕುಳಿತೇಳಲು ಆಗುವುದಿಲ್ಲ. ದಾರಿಯಲ್ಲಿ ಹೋಟೆಲು, ಪೆಟ್ರೋಲ್ ಬಂಕು ಎಂದು ಪ್ರತಿಸಲವೂ ಅಪರಿಚಿತರಲ್ಲಿ ಕೇಳುವ ನಾಚಿಕೆಯನ್ನು ತಾಳಲಾರದೆ ಅವರು ಮದುವೆ ಮುಂಜಿಗಳನ್ನೂ ಬಿಟ್ಟಿದ್ದರು. ಇಂಥ ಅಜ್ಜಿಯಂದಿರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಅವರು ಬರುವುದಿಲ್ಲ ಎಂದಷ್ಟೇ ಎಲ್ಲರಿಗೂ ಗೊತ್ತು, ಏಕೆಂದು ಕೇಳುವವರು ಕಡಿಮೆ.

ಮಗ ಕಂಡುಕೊಂಡ ಉಪಾಯವೇ ಕಾರವಾನ್. ಕೇರಳ ಸರಕಾರವು 2021ರಲ್ಲಿ ಕಾರವಾನ್ ಪ್ರವಾಸೋದ್ಯಮದ ನೀತಿಯನ್ನು ಸಾರಿದ ಬಳಿಕ ಇಂಥ ಬಂಡಿಗಳು ಬಾಡಿಗೆಗೆ ಸಿಗತೊಡಗಿವೆ. ಇಬ್ಬರಿಗೆ, ನಾಲ್ವರಿಗೆ ಎಂದು ಎರಡು ಬಗೆ. ಒಳಗೆ ಮಂಚವಾಗುವ ಸೋಫಾ, ಸಣ್ಣ ಅಡುಗೆಕಟ್ಟೆ, ಫ್ರಿಜ್, ಬಚ್ಚಲು. ಚಾಲಕನ ಜಾಗಕ್ಕೂ ಕೋಣೆಗೂ ನಡುವೆ ಗೋಡೆ. ಕೋಯಿಕ್ಕೋಡಿನಿಂದ ತರಿಸಿದ ಬಂಡಿಯ ಬಾಡಿಗೆ ಕಡಿಮೆಯದಾಗಿರಲಿಲ್ಲ. ಆದರೆ ಅಜ್ಜಿ ಒಳಹೊಕ್ಕು ಬಚ್ಚಲಿನ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿ, “ಇನ್ನು ಯಾರ ಮನೆಯ ಮೆಟ್ಟಿಲೂ ಹತ್ತಬೇಕಾಗಿಲ್ಲ” ಎಂದಾಗ ಮಗನಿಗೆ ಹಣದ ಚಿಂತೆ ಹೋಯಿತು. ಅವರು ಅದಕ್ಕೆ ‘ಕೋಣೆಬಸ್ಸು’ ಎಂದು ಹೆಸರಿಟ್ಟರು.

ಮೊದಲ ದಿನ ಕಣ್ಣೂರು ದಾಟಿ ನೆಡುಂಪೊಯಿಲಿನ ಘಟ್ಟ ಹತ್ತಿ ತಿರುನೆಲ್ಲಿ ಸೇರಿದರು. ಬ್ರಹ್ಮಗಿರಿಯ ಬುಡದಲ್ಲಿರುವ ಆ ದೇವಸ್ಥಾನಕ್ಕೆ ಬೆಟ್ಟದ ನೀರು ಕಲ್ಲುಕಂಬಗಳ ಮೇಲಿನ ಕಲ್ಲುದೋಣಿಯಲ್ಲಿ ಹರಿದುಬರುತ್ತದೆ. ಬೆಟ್ಟದ ಆಚೆ ಮಗ್ಗುಲು ಕೊಡಗು. ಮರುದಿನ ಬೆಳಗ್ಗೆ ಪಾಪನಾಶಿನಿಯಲ್ಲಿ ಕರ್ಮ ಮುಗಿಯಿತು. ಅಜ್ಜಿ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಘಟ್ಟದ ತಿರುವುಗಳಲ್ಲಿ ಚಾವಣಿಯಲ್ಲಿ ಏನೋ ಕಟಕಟ ಎನ್ನುತ್ತಿತ್ತು, ರಾತ್ರಿ ಗಾಳಿಗೂ ಎಂದಿತು ಎಂದು ಹೇಳಿದರು. ಹೊಸ ಜಾಗ, ಹಾಗೆ ಅನಿಸುತ್ತದೆ ಎಂದು ಮಗ ಸಮಾಧಾನ ಹೇಳಿದನು.

ತಿರುನೆಲ್ಲಿಯಿಂದ ಮೈಸೂರಿಗೆ ಕುಟ್ಟ, ಗೋಣಿಕೊಪ್ಪ, ಹುಣಸೂರಿನ ದಾರಿ ಹತ್ತಿರ. ಆದರೆ ಹುಡುಗಿಯ ಟಿಪ್ಪಣಿ ಪುಸ್ತಕವಿತ್ತಲ್ಲ! ಹಗಲು ಬೇಕಾದಷ್ಟಿದೆ ಎಂದು ಬಂಡಿಯನ್ನು ಹಿಂದಕ್ಕೆ ಮಾನಂತವಾಡಿಗೆ ತಿರುಗಿಸಿದರು. ಪನಮರದ ಬಳಿ ಪಾಳುಬಿದ್ದ ಎರಡು ಕಲ್ಲಿನ ದೇವಾಲಯಗಳನ್ನು ಊರವರು ಇಂದಿಗೂ ಜನಾರ್ದನ ಗುಡಿ, ವಿಷ್ಣು ಗುಡಿ ಎಂದೇ ಕರೆಯುತ್ತಾರೆ. ‘ಗುಡಿ’ ಎಂಬ ಆ ಪದದ ಕೆಳಗೆ ಹುಡುಗಿ ಎರಡು ಗೆರೆ ಎಳೆದಳು. ಬತ್ತೇರಿ ತಲಪಿದಾಗ ಸಂಜೆ ನಾಲ್ಕೂವರೆ.

ಬಸದಿ ಹೆದ್ದಾರಿಯ ಬದಿಯಲ್ಲಿಯೇ ಇದೆ. ಪುರಾತತ್ತ್ವ ಇಲಾಖೆಯ ಬೇಲಿ, ಕತ್ತರಿಸಿದ ಹುಲ್ಲು, ಅದರ ನಡುವೆ ತಗ್ಗಾದ, ಭಾರವಾದ ಕಲ್ಲಿನ ಕಟ್ಟಡ. ವಿಜಯನಗರದ ಕಾಲದ ಶೈಲಿ. ಮುಖಮಂಟಪ, ಮಹಾಮಂಟಪ, ಅಂತರಾಳ, ಗರ್ಭಗುಡಿ ಎಲ್ಲವೂ ಗಟ್ಟಿಕಲ್ಲು. ಪೂಜೆಯಿಲ್ಲ. ಮದ್ದುಗುಂಡು ತುಂಬಲು ಈ ಬಸದಿಯನ್ನೇ ಏಕೆ ಆರಿಸಿದರೆಂಬುದು ಒಳಗೆ ನಿಂತವರಿಗೆ ಕೇಳದೆಯೇ ತಿಳಿಯುತ್ತದೆ. ಅಷ್ಟು ದಪ್ಪ ಗೋಡೆಯ ಒಳಗೆ ಹೊರಗಿನ ಲಾರಿಗಳ ಸದ್ದು ಕೂಡ ದೂರವಾಗುತ್ತದೆ. ಅಜ್ಜಿ ಕಂಬದ ಮೇಲಿನ ತೀರ್ಥಂಕರರ ಕೆತ್ತನೆಗೆ ಕೈಮುಗಿದು, “ಎಲ್ಲ ಕಲ್ಲು, ಒಂದು ಬಾಗಿಲು” ಎಂದಷ್ಟೇ ಅಂದರು. ಹುಡುಗಿ ಹೊರಗೆ ಬಂದು ಬೀದಿಗಳನ್ನು ಎಣಿಸಲು ನೋಡಿದಳು. ಹೆದ್ದಾರಿಯನ್ನು ಬಿಟ್ಟರೆ ಎರಡು ಸಿಕ್ಕವು.

ಐದೂವರೆಯ ಹೊತ್ತಿಗೆ ಹಿಂದಿರುಗಿದಾಗ ಚಾಲಕನು ಬಂಡಿಯ ಹೊರಗೆ ನಿಂತು ಬಾಗಿಲನ್ನು ಎಳೆಯುತ್ತಿದ್ದನು. ನಡೆದದ್ದು ಇಷ್ಟೆ: ನೀರಿನ ಪಂಪು ನೋಡಲು ಕೋಣೆಯೊಳಗೆ ಹೋದವನು ಬೀಗದ ಗೊಂಚಲನ್ನು ಮೇಜಿನ ಮೇಲಿಟ್ಟು, ಹೊರಗಿನ ಟ್ಯಾಂಕಿಯನ್ನು ನೋಡಲು ಇಳಿದಿದ್ದನು. ಗಾಳಿಗೆ ಬಾಗಿಲು ಹಾಕಿಕೊಂಡಿತು. ಎಳೆದುಕೊಂಡರೆ ತಾನಾಗಿಯೇ ಬೀಗ ಬೀಳುವ ಬಗೆಯ ಬಾಗಿಲು ಅದು. ಮುಂದಿನ ಚಾಲಕನ ಬಾಗಿಲಿಗೆ ಅವನು ಜಾಗರೂಕತೆಯಿಂದ ಮೊದಲೇ ಬೀಗ ಹಾಕಿದ್ದನು. ಅದರ ಕೀಲಿಯೂ ಅದೇ ಗೊಂಚಲಿನಲ್ಲಿತ್ತು.

ಬಾಗಿಲ ಗಾಜಿನಿಂದ ಇಣುಕಿದರೆ ಎಲ್ಲವೂ ಕಾಣುತ್ತಿತ್ತು: ಮೇಜಿನ ಮೇಲೆ ಗೊಂಚಲು, ಪಕ್ಕದಲ್ಲಿ ಅಜ್ಜಿಯ ಮಾತ್ರೆಯ ಡಬ್ಬಿ, ಮಡಿಸಿಟ್ಟ ಸ್ವೆಟರು, ಕೊನೆಯಲ್ಲಿ ಬಚ್ಚಲಿನ ಬಾಗಿಲು.

ಬಂಡಿಯ ಮಾಲಕರಿಗೆ ಫೋನು ಹೋಯಿತು. ಇನ್ನೊಂದು ಕೀಲಿ ಕೋಯಿಕ್ಕೋಡಿನಲ್ಲಿದೆ, ಬೈಕಿನಲ್ಲಿ ಕಳುಹಿಸುತ್ತೇನೆ, ಅಲ್ಲಿಯ ತನಕ ಬಾಗಿಲನ್ನಾಗಲಿ ಗಾಜನ್ನಾಗಲಿ ಮುಟ್ಟಬಾರದು ಎಂದು ಉತ್ತರ ಬಂತು. ಸುಮಾರು ನೂರು ಕಿಲೋಮೀಟರ್. ನಡುವೆ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಘಟ್ಟ. ಅದರಲ್ಲೂ ಕ್ರಿಸ್‌ಮಸ್ ರಜೆಯ ಸಂಜೆ. ಘಟ್ಟದ ನೆತ್ತಿಯ ಲಕ್ಕಿಡಿಯಲ್ಲಿ ಸರಪಳಿ ಬಿಗಿದ ಮರವೊಂದಿದೆ. ಇಂಗ್ಲಿಷ್ ಎಂಜಿನಿಯರನಿಗೆ ಘಟ್ಟದ ದಾರಿಯನ್ನು ತೋರಿಸಿಕೊಟ್ಟ ಪಣಿಯ ಬುಡಕಟ್ಟಿನ ಕರಿಂತಂಡನನ್ನು ಕೊಂದುಬಿಟ್ಟರಂತೆ. ದಾರಿಹೋಕರನ್ನು ಕಾಡತೊಡಗಿದ ಅವನ ಆತ್ಮವನ್ನು ಆ ಮರಕ್ಕೆ ಕಟ್ಟಿಹಾಕಿದರಂತೆ. ದಾರಿ ತೋರಿದವನಿಗೆ ಸರಪಳಿ, ದಾರಿ ಕಂಡವನಿಗೆ ಹೆಸರು. ಅಂದಿನ ಸಂಜೆ ಇವರ ಕೀಲಿ ಆ ಮರದ ವರೆಗೂ ಬಂದು ಮುಟ್ಟುವುದು ಸಂಶಯವಾಗಿತ್ತು.

ಇನ್ನೊಂದು ಬೀಗದ ವಿಷಯ ಇವರಿಗೆ ಆಗ ನೆನಪಾಯಿತು. ಬತ್ತೇರಿಯಿಂದ ಮುತ್ತಂಗ, ಮೂಲೆಹೊಳೆ ದಾಟಿ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿ ಬಂಡೀಪುರದ ಕಾಡಿನ ನಡುವೆ ಹಾದುಹೋಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರ ತನಕ ಅಲ್ಲಿ ಸಂಚಾರ ನಿಷೇಧ. ಆಂಬ್ಯುಲೆನ್ಸ್ ಮತ್ತು ಗೊತ್ತುಮಾಡಿದ ಕೆಲವು ಸರಕಾರಿ ಬಸ್ಸುಗಳಿಗೆ ಮಾತ್ರ ಬಿಡುವು. ವಯನಾಡಿನವರಿಗೆ ಇದು ಹಳೆಯ ಸಂಕಟ. ಕಾಡಿನ ಜಿಂಕೆಗೆ ಅಷ್ಟೇ ಹಳೆಯ ನೆಮ್ಮದಿ. ಎರಡೂ ಮಾತು ನಿಜವಾದುದರಿಂದಲೇ ಆ ಜಗಳ ಮುಗಿಯುತ್ತಿಲ್ಲ. ಬೆಳಗ್ಗೆ ಆರಕ್ಕೆ ಗೇಟು ತೆರೆದ ಮೇಲೆ ಹೊರಟರೆ ಎಂಟಕ್ಕೆ ಆಸ್ಪತ್ರೆ ಮುಟ್ಟುವಂತಿಲ್ಲ.

ಹೀಗಿರಲು ಆರೂಕಾಲಕ್ಕೆ ಅಜ್ಜಿ ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ಸೊಸೆ ಸುತ್ತ ನೋಡಿದಳು. ರಸ್ತೆಯ ಆಚೆ ಹಂಚಿನ ಮನೆಯೊಂದರ ಜಗಲಿಯಲ್ಲಿ ಹೆಂಗಸೊಬ್ಬರು ದೀಪ ಹಚ್ಚುತ್ತಿದ್ದರು. ಅಜ್ಜಿ, “ಬೇಡ, ಬೇಡ, ತಡೆದುಕೊಳ್ಳುತ್ತೇನೆ” ಎಂದರು. ಹುಡುಗಿ ಆ ಮಾತನ್ನು ಕೇಳಿಸಿಕೊಂಡವಳೇ ರಸ್ತೆ ದಾಟಿ ಓಡಿ, “ಚೇಚೀ” ಎಂದು ಕೂಗಿ, ತನಗೆ ಬರುವ ಮಲಯಾಳದಲ್ಲಿ ಸಂಗತಿಯನ್ನು ಹೇಳಿದಳು. ಆ ಹೆಂಗಸು ಜಗಲಿಯಿಂದ ಇಳಿದು ಬಂದು ಅಜ್ಜಿಯ ಕೈ ಹಿಡಿದುಕೊಂಡರು. ಅವರ ಮನೆಯಲ್ಲಿಯೂ ಮಂಡಿನೋವಿನ ಮುದುಕಿ ಇದ್ದರೆಂಬುದು ಬಚ್ಚಲಿನಲ್ಲಿದ್ದ ಎತ್ತರದ ಪ್ಲಾಸ್ಟಿಕ್ ಕುರ್ಚಿಯಿಂದ ತಿಳಿಯಿತು.

ಆ ಮೇಲೆ ಎರಡು ಗಂಟೆ ಅಜ್ಜಿ ಆ ಮನೆಯಲ್ಲಿಯೇ ಇದ್ದರು. ಬಿಸಿ ಗಂಜಿ, ಪಯರಿನ ಪಲ್ಯ, ಹೊದೆಯಲು ಒಂದು ಉಣ್ಣೆಯ ಶಾಲು. ಇಬ್ಬರು ಮುದುಕಿಯರಲ್ಲಿ ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರ ಮಲಯಾಳ ಪೇಟೆಯ ವ್ಯಾಪಾರಕ್ಕೆ ಸಾಲುವಷ್ಟೇ. ಆದರೂ ಮಾತು ನಿಲ್ಲಲಿಲ್ಲ.

ಇತ್ತ ಬಂಡಿಯ ಬಳಿ ಜನ ಕೂಡಿದರು. ಬೀಗ ರಿಪೇರಿಯವನೊಬ್ಬ ಸ್ಕೂಟರಿನಲ್ಲಿ ಬಂದು, ಟಾರ್ಚು ಬಿಟ್ಟು ನೋಡಿ, ಎರಡು ತಂತಿಗಳನ್ನು ತೂರಿಸಿ, ಕೊನೆಗೆ ಕೊರೆಯದೆ ಆಗದು ಎಂದನು. ಕೊರೆದರೆ ಆ ಬಾಗಿಲು ಮತ್ತೆ ಹಾಕಿಕೊಳ್ಳದು. ಚಳಿಗೆ, ಕಾಡಿನ ದಾರಿಗೆ ಬಾಗಿಲಿಲ್ಲದ ಬಂಡಿ. ಮಾಲಕರ ಮಾತು ಬೇರೆ ಕಿವಿಯಲ್ಲಿತ್ತು. ಕಿಟಕಿಯ ಗಾಜು ಒಡೆಯೋಣ ಎಂದವರೂ ಇದ್ದರು. ಒಡೆಯುವ ಕೆಲಸ ಯಾವಾಗಲೂ ಸುಲಭವಾಗಿ ಹೊಳೆಯುತ್ತದೆ. ಮನೆಯ ಬಾಗಿಲು ಮುಚ್ಚಿಕೊಂಡಾಗ ಹಿತ್ತಿಲ ಬಾಗಿಲು, ಹೊಗೆಗೂಡು, ಅಟ್ಟದ ಕಿಂಡಿ ಎಂದು ಸುತ್ತು ಹಾಕುವ ಜನ ಬಂಡಿಯ ಮುಂದೆ ಮಾತ್ರ ಒಂದೇ ಬಾಗಿಲನ್ನು ಹಿಡಿದು ನಿಂತಿರುತ್ತಾರೆ.

ಎಂಟು ಗಂಟೆಗೆ ಗುಂಡ್ಲುಪೇಟೆಯ ತರಕಾರಿಯ ಪಿಕಪ್ ಒಂದು ಅಲ್ಲಿ ನಿಂತಿತು. ಬತ್ತೇರಿಯ ಪೇಟೆಗೆ ಟೊಮೆಟೊ, ಎಲೆಕೋಸು ಇಳಿಸಿ ಖಾಲಿ ಹಿಂದಿರುಗುತ್ತಿದ್ದ ಚಾಲಕ ಕನ್ನಡ ಕೇಳಿ ಇಳಿದನು. “ಒಂಬತ್ತಕ್ಕೆ ಗೇಟ್ ಹಾಕ್ಬುಡ್ತಾರೆ ಸಾರ್. ಅವ್ವಾರನ್ನ ಮುಂದುಗಡೆ ಕುಂಡ್ರುಸ್ಕಂಡು ನಾನು ದಾಟುಸ್ತೀನಿ. ಗುಂಡ್ಲುಪೇಟೇಲಿ ಮೈಸೂರು ಬಸ್ ಹತ್ತುಸ್ತೀನಿ. ನೀವು ಬೆಳಗ್ಗೆ ಬನ್ನಿ.”

ಮಗ ರಸ್ತೆ ದಾಟಿ ಹೋಗಿ ಅಮ್ಮನನ್ನು ಕೇಳಿದನು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾತ್ರೆ ಡಬ್ಬಿ ಒಳಗಿದೆಯಲ್ಲ ಮಗಾ, ಅದಿಲ್ಲದೆ ಹೇಗೆ ಹೋಗುವುದು” ಎಂದರು. ಮಾತ್ರೆಗಳು ಬತ್ತೇರಿಯ ಯಾವ ಔಷಧದಂಗಡಿಯಲ್ಲಿಯೂ ಸಿಗುವಂಥವು. ಮಗನಿಗೆ ಅದು ಗೊತ್ತಿತ್ತು. ಪಿಕಪ್ಪಿನಲ್ಲಿ, ಬಸ್ಸಿನಲ್ಲಿ ಮೂರು ಗಂಟೆಯ ದಾರಿ ಅಮ್ಮನಿಗೆ ಏನೆಂಬುದೂ ಗೊತ್ತಿತ್ತು. ಅವನು ಒತ್ತಾಯಿಸಲಿಲ್ಲ. ಎಂಟೂಕಾಲಕ್ಕೆ ಪಿಕಪ್ ಹೊರಟಿತು. ಹೊರಡುವ ಮೊದಲು ಚಾಲಕ, ಕುಟ್ಟದ ದಾರಿಗೆ ರಾತ್ರಿ ತಡೆಯಿಲ್ಲ, ಬಾಗಿಲು ತೆರೆದರೆ ಹಿಂದಕ್ಕೆ ಮಾನಂತವಾಡಿಗೆ ಹೋಗಿ ಅಲ್ಲಿಂದ ಹಿಡಿಯಿರಿ, ಬಾವಲಿಯ ದಾರಿಗೆ ಮಾತ್ರ ಹೋಗಬೇಡಿ, ಅದು ಸಂಜೆಯೇ ಮುಚ್ಚುತ್ತದೆ ಎಂದು ಹೇಳಿದನು.

ಹುಡುಗಿ ಬಂಡಿಯ ಹಿಂದೆ ಹೋಗಿ ಅಳುತ್ತಿದ್ದಳು. ಟಿಪ್ಪಣಿ ಪುಸ್ತಕದ ಆ ಹಾಳೆಯನ್ನು ಹರಿದಿದ್ದಳು. ಅಜ್ಜಿ ಶಾಲು ಹೊದ್ದು ರಸ್ತೆ ದಾಟಿ ಬಂದು, ಮೊಮ್ಮಗಳ ಕೈಯಲ್ಲಿದ್ದ ಹಾಳೆಯನ್ನು ಬಿಡಿಸಿ ನೋಡಿ, “ಇದನ್ನು ಅಂಟಿಸಬಹುದು” ಎಂದರು. ಅನಂತರ ಅಲ್ಲಿದ್ದವರನ್ನೆಲ್ಲ ನೋಡಿ ಒಂದು ಪ್ರಶ್ನೆ ಕೇಳಿದರು: “ಮೇಲಿನ ಕಿಂಡಿಯನ್ನು ನೋಡಿದಿರಾ?”

ಯಾರೂ ನೋಡಿರಲಿಲ್ಲ. ಎರಡು ದಿನ ಆ ಕೋಣೆಯಲ್ಲಿ ಅಂಗಾತ ಮಲಗಿ ಚಾವಣಿಯನ್ನೇ ನೋಡುತ್ತ ಬಂದವರು ಅಜ್ಜಿ ಒಬ್ಬರೇ. ಮಂಚದ ನೇರಕ್ಕೆ ಒಂದು ಬೆಳಕಿಂಡಿ. ಅದರ ಎರಡು ಕೊಂಡಿಗಳಲ್ಲಿ ಒಂದು ಮುರಿದಿದೆ, ಇನ್ನೊಂದು ಸರಿಯಾಗಿ ಕೂತಿಲ್ಲ. ಕಟಕಟ ಎನ್ನುತ್ತಿದ್ದುದು ಅದೇ. ಹೇಳಿದರೆ ಯಾರು ಕೇಳಿದರು? ಮೂರು ಗಂಟೆಯ ಕಾಲ ಬಾಗಿಲಿನ ಬಗ್ಗೆ ಊರೆಲ್ಲ ಆಲೋಚಿಸಿತು. ಆ ಕೋಣೆಯನ್ನು ಬಲ್ಲ ಒಬ್ಬರನ್ನು ಯಾರೂ ಕೇಳಲಿಲ್ಲ.

ಬಂಡಿಯ ಹಿಂದುಗಡೆ ಕಬ್ಬಿಣದ ಏಣಿಯಿತ್ತು. ಚಾಲಕ ಹತ್ತಿ ಕೈಹಾಕಿದಾಗ ಬೆಳಕಿಂಡಿಯ ಮುಚ್ಚಳ ಮೇಲೆದ್ದಿತು. ಆದರೆ ಕಿಂಡಿ ಒಂದೂಕಾಲು ಅಡಿ ಚೌಕ. ಅಲ್ಲಿದ್ದ ಯಾವ ಗಂಡಸಿನ ಭುಜವೂ ಅದರಲ್ಲಿ ಹಿಡಿಯುವಂತಿರಲಿಲ್ಲ. ಎಲ್ಲರೂ ಹುಡುಗಿಯ ಕಡೆಗೆ ನೋಡಿದರು. ತಾಯಿ ಬೇಡವೆಂದಳು. ಹುಡುಗಿ ಆಗಲೇ ಏಣಿಯ ಬಳಿ ಚಪ್ಪಲಿ ಬಿಟ್ಟಿದ್ದಳು. ಬೀಗ ರಿಪೇರಿಯವನು ಎದುರಿನ ಮನೆಯಿಂದ ಬಾವಿಯ ಹಗ್ಗ ತರಿಸಿ, ಬಟ್ಟೆಯ ಮೇಲಿಂದ ಅವಳ ಕಂಕುಳ ಕೆಳಗೆ ಸುತ್ತಿ, ಬಿಗಿದುಕೊಳ್ಳದ ಗಂಟು ಹಾಕಿದನು. ಅಪ್ಪ ಮೇಲೆ ಕುಳಿತು ಹಗ್ಗ ಹಿಡಿದನು.

“ಕಾಲು ಕೆಳಗೆ ಬಿಡು. ಎಡಗಡೆಗೆ ಮಂಚ. ಮೆತ್ತಗಿದೆ, ಹೆದರಬೇಡ” ಎಂದು ಅಜ್ಜಿ ಕೆಳಗಿನಿಂದ ಹೇಳುತ್ತಿದ್ದರು. “ದೀಪದ ಗುಂಡಿ ಬಚ್ಚಲ ಬಾಗಿಲ ಬಲಕ್ಕೆ.” ಒಳಗೆ ಮೊದಲು ಕತ್ತಲೆ, ಒಂದು ಸದ್ದು, ಅನಂತರ ದೀಪ. ಬಾಗಿಲು ಒಳಗಿನಿಂದ ತೆರೆಯಿತು. ಗಂಟೆ ಒಂಬತ್ತು ಹತ್ತು. ಮೂಲೆಹೊಳೆಯ ಗೇಟು ಬಿದ್ದು ಹತ್ತು ನಿಮಿಷಗಳಾಗಿದ್ದವು.

ಬೀಗ ತೆರೆದವನು ತಾನಲ್ಲವೆಂದು ರಿಪೇರಿಯವನು ಪೆಟ್ರೋಲಿನ ಹಣ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಕೀಲಿ ತರುತ್ತಿದ್ದ ಹುಡುಗ ಇನ್ನೂ ಘಟ್ಟದ ಕೆಳಗಿನ ಸಾಲಿನಲ್ಲಿಯೇ ಸಿಕ್ಕಿಕೊಂಡಿದ್ದನು. ಹಿಂದಿರುಗಲು ಫೋನು ಮಾಡಿದರು. ಹೊರಡುವ ಗಡಿಬಿಡಿಯಲ್ಲಿ ಶಾಲು ಅಜ್ಜಿಯ ಮೈಮೇಲೆಯೇ ಉಳಿಯಿತು.

ಬಂಡಿ ಬಂದ ದಾರಿಯಲ್ಲಿಯೇ ಮಾನಂತವಾಡಿಗೆ ಹಿಂದಿರುಗಿ, ಕಾಟ್ಟಿಕುಳಂ ದಾಟಿ, ಮಧ್ಯಾಹ್ನ ಬಿಟ್ಟುಬಂದ ತಿರುನೆಲ್ಲಿಯ ಕವಲಿನ ಮುಂದಿನಿಂದಲೇ ಹಾದು ತೋಲ್ಪೆಟ್ಟಿಯ ಕಾಡನ್ನು ಹೊಕ್ಕಿತು. ದಾರಿಯ ಬದಿಯಲ್ಲಿ ಒಮ್ಮೆ ಜಿಂಕೆಗಳ ಕಣ್ಣುಗಳು ಸಾಲಾಗಿ ಹೊಳೆದವು. ಚಾಲಕನು ಬಂಡಿಯನ್ನು ನಿಧಾನಗೊಳಿಸಿ, ದೀಪ ತಗ್ಗಿಸಿ, ಅವು ದಾಟುವ ತನಕ ಕಾದನು. ಕುಟ್ಟ, ಗೋಣಿಕೊಪ್ಪ, ಹುಣಸೂರು ಎಲ್ಲವೂ ನಿದ್ದೆಯಲ್ಲಿದ್ದವು. ಬೆಳಕಿಂಡಿಗೆ ಹಗ್ಗದ ತುಂಡೊಂದನ್ನು ಬಿಗಿದಿದ್ದರಿಂದ ಈ ಸಲ ಚಾವಣಿ ಸದ್ದು ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಎಚ್ಚರವಾಗಿಯೇ ಇದ್ದರು. ಬೆಳಗ್ಗೆ ಆರರಿಂದ ಏಳೂವರೆಯ ತನಕ ಇಬ್ಬರೂ ಕೈಹಿಡಿದು ಕುಳಿತರು. “ನಿನ್ನೆ ಸಂಜೆಯೇ ಬರುತ್ತೇನೆಂದವಳು ಎಲ್ಲಿಗೆ ಹೋಗಿದ್ದೆ?” ಎಂದು ಅಕ್ಕ ಕೇಳಿದರು. “ಹನ್ನೆರಡು ಬೀದಿಗೆ” ಎಂದರು ತಂಗಿ. ಅದು ಎಲ್ಲಿಯದೆಂದು ಅಕ್ಕ ಕೇಳಲಿಲ್ಲ. ಕೇಳುವಷ್ಟರಲ್ಲಿ ಗಾಲಿಮಂಚ ಬಂತು.

ಶಸ್ತ್ರಚಿಕಿತ್ಸೆ ನಡೆದು, ಅಕ್ಕ ಎರಡು ತುತ್ತು ಅನ್ನ ಉಂಡುದನ್ನು ನೋಡಿಯೇ ಅಜ್ಜಿ ಹೊರಟರು. ಮೈಸೂರಿನಿಂದ ಮಡಿಕೇರಿಯ ಮೇಲೆ ಊರಿಗೆ ನೇರ ದಾರಿಯಿದ್ದರೂ, ಅವರ ಹಟಕ್ಕೆ ಬಂಡಿ ಹಗಲಿನಲ್ಲಿಯೇ ಬಂಡೀಪುರದ ಕಾಡು ದಾಟಿ ಬತ್ತೇರಿಯಲ್ಲಿ ನಿಂತಿತು. ತೊಳೆದು ಮಡಿಸಿದ ಶಾಲು, ಒಂದು ಕಟ್ಟು ಮೈಸೂರು ವೀಳ್ಯದೆಲೆ, ಮುದುಕಿಗೆಂದು ಒಂದು ಡಬ್ಬಿ ಮಂಡಿನೋವಿನ ಎಣ್ಣೆ ಹಿಡಿದುಕೊಂಡು ಅಜ್ಜಿ ತಾವೇ ಮುಂದಾಗಿ ರಸ್ತೆ ದಾಟಿ ಆ ಮನೆಯ ಮೆಟ್ಟಿಲು ಹತ್ತಿದರು. ಹುಡುಗಿ ಮೂರನೆಯ ಬೀದಿಯನ್ನು ಹುಡುಕಲು ಹೋದಳು. ಚಾಲಕನು ಬಂಡಿಯ ಬಳಿಯಲ್ಲಿಯೇ ನಿಂತನು. ಬೀಗದ ಗೊಂಚಲು ಕಪ್ಪು ದಾರದಲ್ಲಿ ಅವನ ಕೊರಳಿನಲ್ಲಿ ತೂಗುತ್ತಿತ್ತು.